ಕತ್ತಲಕ್ಕನ ಎಂಟು ಸಾಲು

೧೯೭೪ನೆಯ ಇಸವಿ ಫೆಬ್ರವರಿ ೧೧, ಸೋಮವಾರ. ಚಳಿಗಾಲದ ಕೊನೆ, ಹತ್ತು ಗಂಟೆಯಾದರೂ ಮಂಜು ಕರಗದೆ ಪ್ರಯೋಗಾಲಯದ ಕಿಟಕಿಗಾಜುಗಳು ಬೆವೆತಿದ್ದವು. ಅಂದು ನನ್ನ ಕೈಕೆಳಗೆ ತಾತ್ಕಾಲಿಕ ಸಹಾಯಕಿಯಾಗಿ ಸೇರಿದವಳು, ಗಡಿಯಾರ ರಿಪೇರಿ ಅಂಗಡಿಯಲ್ಲಿ ಒಂಬತ್ತು ವರ್ಷ ಕಣ್ಣು ಪಳಗಿಸಿದ್ದ ಮೂವತ್ತೆಂಟರ ಹೆಂಗಸು. ಕೆಲಸ ಕತ್ತಲಕೋಣೆಯಲ್ಲಿ, ಹೀಗಾಗಿ ವಾರದೊಳಗೆ ಎಲ್ಲರ ಬಾಯಲ್ಲೂ ‘ಕತ್ತಲಕ್ಕ’ ಆದಳು. ವರ್ಷ ತುಂಬಿದಾಗ ನಾನು ಒಳ್ಳೆಯ ವರದಿ ಬರೆದರೆ ನೌಕರಿ ಖಾಯಂ. ವಿಧವೆ ತಂಗಿ ಮತ್ತು ಅವಳ ಹೆಣ್ಣುಮಗು ಆಕೆಯನ್ನೇ ನಂಬಿದ್ದರು.

ನಾವು ಪರೀಕ್ಷಿಸುತ್ತಿದ್ದುದು ಅಜೋ ಬಣ್ಣಗಳನ್ನು. ಬಟ್ಟೆಗೆ ಕಿತ್ತಳೆ, ಕೆಂಪು ಕೊಡುವ ಬಳಗವದು. ಗಾಜಿನ ಪಟ್ಟಿಯ ಮೇಲೆ ಬಣ್ಣದ ತೆಳುಪೊರೆ ಹರಡಿ, ತುದಿಗಳಿಗೆ ತಂತಿ ಕೂಡಿಸಿ, ದೀಪ ಬೆಳಗಿಸಿದಾಗ ವಿದ್ಯುತ್ತು ಎಷ್ಟು ಹರಿಯುವುದೆಂದು ಅಳೆಯಬೇಕು. ಮಾಪಕದ ಮುಳ್ಳು ಕೂದಲೆಳೆಯಷ್ಟು ಸರಿಯುತ್ತಿತ್ತು. ಅದನ್ನು ಓದುವವಳು ಕತ್ತಲಕ್ಕ.

ಒಮ್ಮೆ ಓದಿ ಬರೆದ ಮೇಲೆ ಆಕೆ ದೀಪವಾರಿಸಿ ಕತ್ತಲಲ್ಲೇ ಕೂರುವಳು. ಕೈಯಲ್ಲಿ ಉಣ್ಣೆ, ಎರಡು ಕಡ್ಡಿ. ಎಂಟು ಸಾಲು ಹೆಣೆದರೆ ಇಪ್ಪತ್ತು ನಿಮಿಷ. ಆಮೇಲೆಯೇ ಮುಂದಿನ ಅಳತೆ.

ಸೆಪ್ಟೆಂಬರ್ ೩, ಮಂಗಳವಾರ, ನನ್ನ ತಾಳ್ಮೆ ತಪ್ಪಿತು. “ಏನಮ್ಮ, ಇದು ಪ್ರಯೋಗಾಲಯವೋ, ಹೆಣಿಗೆ ಅಂಗಡಿಯೋ?”

“ಕಣ್ಣು ತಣೀಲಿ ಅಂತ ಸಾರ್. ದೀಪ ನೋಡಿದ ಕಣ್ಣಿಗೆ ಮುಳ್ಳು ಎರಡೆರಡು ಕಾಣತ್ತೆ.”

“ಇಪ್ಪತ್ತು ನಿಮಿಷವೇ? ಅಷ್ಟರಲ್ಲಿ ನಾನೊಂದು ನಿದ್ದೆ ತೆಗೆದೇನು.”

“ತೆಗೀರಿ ಸಾರ್, ಯಾರು ಬೇಡ ಅಂದ್ರು? ಮುಳ್ಳು ನೋಡೋಳು ನಾನಲ್ವಾ!”

ಬಾಗಿಲಾಚೆ ಯಾರೋ ಕಿಸಕ್ಕೆಂದರು. ನನಗೆ ಮೈ ಉರಿಯಿತು. ಅರ್ಧ ಹೆಣೆದ ಸ್ವೆಟರಿನ ತೋಳನ್ನು ಕಸಿದು ನನ್ನ ಮೇಜಿನ ಸೆಳೆಖಾನೆಯಲ್ಲಿಟ್ಟೆ. ಎರಡು ನಿಮಿಷಕ್ಕೊಂದು ಅಳತೆಯೆಂದು ಆಜ್ಞೆ ಮಾಡಿದೆ.

ಅಂದಿನಿಂದ ಅಂಕಿಗಳು ದಿಕ್ಕಾಪಾಲಾದವು. ಅದೇ ಪೊರೆ, ಅದೇ ದೀಪ. ಒಂದು ಅಳತೆಗೆ ಇನ್ನೊಂದು ತಾಳೆಯಾಗದು. “ನನ್ನ ಕಣ್ಣು ಸರಿಯಾಗಿದೆ ಸಾರ್,” ಎಂದಳು. “ಹೆಣಿಗೆ ಬಿಟ್ಟೆ, ಬಿಡಿ. ಆ ಇಪ್ಪತ್ತು ನಿಮಿಷ ಮಾತ್ರ ವಾಪಸ್ ಕೊಡಿ.” ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದುಬಿಟ್ಟೆ. ೧೯೭೫ರ ಫೆಬ್ರವರಿ ೧೦ರಂದು ವರದಿಯಲ್ಲಿ ‘ಓದುವಿಕೆಯಲ್ಲಿ ಶ್ರದ್ಧೆಯಿಲ್ಲ’ ಎಂದು ಬರೆದೆ. ಅಕ್ಷರ ಬಹಳ ದುಂಡಗಿತ್ತು.

ಆಕೆ ಕೆಲಸ ಕಳೆದುಕೊಂಡು ಹೋದರೂ ಅಂಕಿಗಳು ಸುಧಾರಿಸಲಿಲ್ಲ. ೧೯೭೬ರ ಜನವರಿ ೧೯ರಂದು ನಾನೇ ಅಳೆಯುತ್ತಿರುವಾಗ ಫೋನ್ ಬಂತು. ದೀಪವಾರಿಸಿ ಹೋಗಿ, ಅರ್ಧ ಗಂಟೆ ಮಾತಾಡಿ ಬಂದು ಮತ್ತೆ ಅಳೆದೆ. ಕತ್ತಲಕ್ಕನ ಹಳೆಯ ಪುಸ್ತಕದಲ್ಲಿದ್ದ ಅಂಕಿಯೇ ಬಂತು! ಬೆಳಕು ಬಿದ್ದಾಗ ಆ ಬಣ್ಣದ ಅಣುಗಳು ಬಾಗುತ್ತವೆ, ಹರಿಯುವ ವಿದ್ಯುತ್ತೂ ಬದಲಾಗುತ್ತದೆ. ಕತ್ತಲಲ್ಲಿ ಮೆಲ್ಲಗೆ ನೆಟ್ಟಗಾಗುತ್ತವೆ. ತಣಿಯಬೇಕಾದುದು ಆಕೆಯ ಕಣ್ಣೊಂದೇ ಆಗಿರಲಿಲ್ಲ. ನೆಟ್ಟಗಾಗುವ ಮೊದಲೇ ನಾನು ಮತ್ತೆ ಮತ್ತೆ ಬೆಳಕು ಸುರಿದಿದ್ದೆ.

ಮರುದಿನ ಆ ತೋಳನ್ನು ಕಾಗದದಲ್ಲಿ ಸುತ್ತಿಕೊಂಡು ವಿಚಾರಿಸುತ್ತ ಹೋದೆ. ಕನ್ನಡಕದ ಅಂಗಡಿಯ ಹಿಂಗೋಣೆಯಲ್ಲಿ ಆಕೆ ಗಾಜು ಉಜ್ಜುತ್ತಿದ್ದಳು. ಎಲ್ಲವನ್ನೂ ಹೇಳಿದೆ.

“ಹೌದಾ ಸಾರ್? ಪಾಪ, ಆ ಬಣ್ಣಕ್ಕೂ ಕಣ್ಣು ಕೋರೈಸ್ತಿತ್ತು ಅನ್ನಿ.”

“ತಪ್ಪು ನನ್ನದಮ್ಮ. ವರದಿ ತಿದ್ದಿ ಬರೆಯುತ್ತೇನೆ.”

ಆಕೆ ತೋಳನ್ನು ಬೆಳಕಿಗೆ ಹಿಡಿದು ನೋಡಿದಳು. “ತಂಗಿ ಮಗಳದು ಇದು. ಈಗ ಇದರಲ್ಲಿ ಅವಳ ಮುಷ್ಟಿಯೂ ತೂರಲ್ಲ,” ಎಂದು ನಕ್ಕು, ಎಳೆಯ ತುದಿ ಹುಡುಕಿ, ನನ್ನೆದುರಿಗೇ ಸಾಲುಸಾಲಾಗಿ ಬಿಚ್ಚಿ ಉಂಡೆ ಸುತ್ತತೊಡಗಿದಳು. ನಾನು ನಿಂತೇ ಇದ್ದೆ.

ತಿದ್ದಿದ ವರದಿಯನ್ನು ಜನವರಿ ೨೨ರಂದು ಕಳುಹಿಸಿದೆ. ಹುದ್ದೆ ಭರ್ತಿಯಾಗಿದೆಯೆಂದು ಮಾರ್ಚ್ ೪ರಂದು ಉತ್ತರ ಬಂತು. ನಮ್ಮ ಲೇಖನ ೧೯೭೭ರ ಜೂನ್‌ನಲ್ಲಿ ಅಚ್ಚಾಯಿತು. ಎರಡು ಅಳತೆಗಳ ನಡುವೆ ಇಪ್ಪತ್ತು ನಿಮಿಷ ಕತ್ತಲಿರಬೇಕೆಂದು ಅದರಲ್ಲಿದೆ, ಆಕೆಯ ಹೆಸರಿಲ್ಲ. ಆಕೆ ಅದೇ ಅಂಗಡಿಯಲ್ಲಿ ೧೯೯೧ರವರೆಗೆ ದುಡಿದು, ೧೯೯೮ರ ಅಕ್ಟೋಬರ್ ೭ರಂದು ತೀರಿಕೊಂಡಳು.