ಕಪ್ಪಿನ ಮೇಲಿಟ್ಟ ಅಂಗೈ

ಹಬೆಯಾಡುವ ಚಹಾದ ಕಪ್ಪು ಮುಂದಿಟ್ಟರೆ ಅಕ್ಕೋರು ಅದರ ಬಾಯಿಗೆ ತಮ್ಮ ಬಲ ಅಂಗೈಯನ್ನು ಮುಚ್ಚಳದ ಹಾಗೆ ಇಟ್ಟು ಕೂಡುತ್ತಿದ್ದರು. ಸೀಮೆಸುಣ್ಣ ಹಿಡಿದು ಹಿಡಿದು ಒರಟಾದ ಕೈ ಹಬೆಗೆ ಕೆಂಪಾಗುತ್ತಿತ್ತು. “ಚಹಾ ಆಮ್ಯಾಲ. ಮೊದಲ ಹೌದಂತಿಯೋ ಇಲ್ಲಂತಿಯೋ ಹೇಳು,” ಎನ್ನುತ್ತಿದ್ದರು. ಆ ಕೈ ತೆಗೆಯುವವರೆಗೆ ಮನೆಯವರಿಗೂ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಈ ಚಾಳಿ ಅವರಿಗೆ ಮೊದಲಿನಿಂದ ಇದ್ದದ್ದಲ್ಲ. ಮಾದನಹಿಪ್ಪರಗಾದ ಶಾಲೆಯಲ್ಲಿ ಕಲಿಸಿ ನಿವೃತ್ತರಾಗಿ ಜೇವರ್ಗಿಯಲ್ಲಿ ನಮ್ಮ ಎದುರುಮನೆಗೆ, ತಂಗಿಯ ಹತ್ತಿರ ಇರಲು ಬಂದಿದ್ದರು. ತಂಗಿಗೆ ಪಾರ್ಶ್ವವಾಯು. ನಮ್ಮೂರಿನ ಕ್ರೈಸ್ತರು ಆರಾಧನೆಗೆಂದು ಭಾನುವಾರ ಬಸ್ಸು ಹತ್ತಿ ಕಲಬುರಗಿಗೆ ಹೋಗಬೇಕಿತ್ತು. ಹೋಗಲಾಗದವರು ಮನೆಯಲ್ಲೇ ಗೋಡೆ ನೋಡುತ್ತ ಕೂಡಬೇಕಿತ್ತು. “ನನ್ನ ತಂಗಿ ಸಾಯೂದರೊಳಗ ಮಂದಿ ನಡುವ ಕುಂತು ಹಾಡು ಕೇಳಬೇಕು. ಇಲ್ಲೇ ಒಂದು ಸಭೆ ಆಗಲೇಬೇಕು,” ಎಂದು ಅಕ್ಕೋರು ಪಟ್ಟು ಹಿಡಿದರು.

ಜಾಗಕ್ಕೆ ತೊಂದರೆಯಾಗಲಿಲ್ಲ. ಹಿಟ್ಟಿನ ಗಿರಣಿಯ ಭಾಯಿ, “ಇತ್ವಾರ ಗಿರಣಿ ಬಂದ್ ಇರ್ತದ, ಕೂಡ್ರಿ,” ಎಂದು ಚಾವಿಯನ್ನೇ ಕೊಟ್ಟುಬಿಟ್ಟರು. ಬೇಕಾಗಿದ್ದದ್ದು ಕೆಲಸಕ್ಕೆ ಜನ. ಕಸ ಗುಡಿಸಿ ತಾಡಪತ್ರಿ ಹಾಸುವವರು, ಢೋಲಕ ಬಾರಿಸುವವರು, ಮಕ್ಕಳಿಗೆ ಪಾಠ ಹೇಳುವವರು. ಅಕ್ಕೋರು ಬಿಸಿಲಲ್ಲಿ ಮನೆಮನೆ ತಿರುಗಿದರು. ಎಲ್ಲ ಕಡೆ ಚಹಾ ಕುಡಿದರು, ಎಲ್ಲ ಕಡೆ “ಆಯ್ತ್ರಿ ಅಕ್ಕೋರೆ, ಬರ್ತೇವ್ರಿ,” ಎನ್ನಿಸಿಕೊಂಡರು. ಮನೆಗೆ ಬಂದು ಚಹಾ ಕುಡಿದ ಹಿರಿಯರಿಗೆ ಇಲ್ಲ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಬಾವಿಗೆ ಬೀಳು ಎಂದರೂ ಆಯ್ತ್ರಿ ಎಂದೇವು, ಬೀಳುವುದು ಬಿಡುವುದು ಆಮೇಲಿನ ಮಾತು. ಆಯುಷ್ಯವೆಲ್ಲ ಮಕ್ಕಳ ಹಾಜರಿ ಕೂಗಿದ ಅಕ್ಕೋರು ಹೌದು ಎಂದವರೆಲ್ಲ ಹಾಜರಾಗುತ್ತಾರೆಂದೇ ನಂಬಿದರು.

ಮೊದಲ ಭಾನುವಾರ ಗಿರಣಿಯಲ್ಲಿ ಇದ್ದದ್ದು ಅಕ್ಕೋರು, ಆಟೋದಲ್ಲಿ ಕರೆತಂದ ಅವರ ತಂಗಿ, ಮತ್ತು ಎದುರುಮನೆಯವನಾಗಿ ತಪ್ಪಿಸಿಕೊಳ್ಳಲಾಗದ ನಾನು. ವಾರವೆಲ್ಲ ಸಿಮೆಂಟ್ ಅಂಗಡಿಯಲ್ಲಿ ದುಡಿದು ನನಗೆ ಕುಂತಲ್ಲೇ ನಿದ್ದೆ ಬರುತ್ತಿತ್ತು. ತಂಗಿ ತೊದಲುತ್ತ, “ಮಂದಿ ಎಲ್ಲಿ?” ಎಂದಳು. ಅಕ್ಕೋರು ಹಾಡಲು ಶುರುಮಾಡಿದರು. ಎರಡನೆಯ ಚರಣಕ್ಕೆ ದನಿ ಒಡೆಯಿತು. ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ಮರುವಾರ ನನ್ನನ್ನೂ ಎಳೆದುಕೊಂಡು ಅದೇ ಮನೆಗಳಿಗೆ ಹೊರಟರು. ಅಂಗೈ ಕಪ್ಪಿನ ಮೇಲೆ ಹೋದದ್ದು ಅವತ್ತೇ. “ಇಲ್ಲ ಅನ್ನಾಕ ನಾಚಬ್ಯಾಡ್ರಿ. ನಿಮ್ಮ ಹೌದು ನಂಬಿ ನನ್ನ ತಂಗಿ ಹೊಸ ಸೀರಿ ಉಟ್ಟು ಕುಂತಿದ್ಳು.” ಜನ ನೆಲ ನೋಡುತ್ತ, ಬಾಯೊಳಗೇ, “ಆಗಂಗಿಲ್ರಿ,” ಎಂದರು. ಅಂದಕೂಡಲೇ ಅಕ್ಕೋರು ಕೈ ತೆಗೆದು ಆರಿದ ಚಹಾವನ್ನು ಚಪ್ಪರಿಸಿ ಕುಡಿದು, ಆ ಮನೆಗಾಗಿ ಪ್ರಾರ್ಥನೆ ಮಾಡಿ ಏಳುತ್ತಿದ್ದರು. ಸಿಟ್ಟಿಲ್ಲ, ಸೆಡವಿಲ್ಲ. ನನಗೋ ಮೈಯೆಲ್ಲ ಉರಿಯುತ್ತಿತ್ತು. “ಎಲ್ಲಾರೂ ಇಲ್ಲ ಅಂದ್ರ ಸಭೆ ಹೆಂಗ ಆಗ್ತದ್ರಿ?” ಎಂದು ರೇಗಿದರೆ, “ಸುಳ್ಳು ಹೌದಿನ ಮ್ಯಾಲ ಆಗಂಗಿಲ್ಲ, ಅಷ್ಟಂತೂ ಗೊತ್ತಾತಲ್ಲ,” ಎಂದರು.

ಢೋಲಕ ಬಾರಿಸುವವನೊಬ್ಬ ಮಾತ್ರ ತಲೆ ಕೆರೆದುಕೊಂಡು, “ದರ ವಾರ ಆಗಲ್ರಿ, ತಿಂಗಳಿಗೊಮ್ಮೆ ಬರ್ತೇನಿ,” ಎಂದ. “ಅಷ್ಟ ಸಾಕು,” ಎಂದರು ಅಕ್ಕೋರು. ಅವನು ಬಂದ. ಅವನನ್ನು ನೋಡಿ ಇನ್ನೊಬ್ಬಳು, ಪಾಠ ಹೇಳಲು ಬರುವುದಿಲ್ಲ, ಕಸ ಗುಡಿಸುತ್ತೇನೆ ಎಂದಳು. ತಂಡ ಕಟ್ಟಿದ್ದು ಹೀಗೆ, ಆಮೆಯ ನಡಿಗೆಯಲ್ಲಿ. ಎಷ್ಟೋ ವಾರ ಢೋಲಕವಿಲ್ಲದೆ ಚಪ್ಪಾಳೆಯಲ್ಲೇ ಹಾಡಿದೆವು. ತಂಗಿ ಮುಂದಿನ ಸಾಲಿನಲ್ಲಿ ಕೂತು ಒಂದೇ ಕೈಯನ್ನು ತೊಡೆಗೆ ಬಡಿಯುತ್ತಿದ್ದಳು.

ಆಮೇಲೆ ಅಕ್ಕೋರ ಕಿಡ್ನಿ ಕೈಕೊಟ್ಟಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಮುಖವೆಲ್ಲ ಬಾತಿತ್ತು. ನಾನು ಥರ್ಮಾಸಿನಿಂದ ನನಗೊಂದಿಷ್ಟು ಚಹಾ ಬಗ್ಗಿಸಿಕೊಂಡೆ. ಸೂಜಿ ಚುಚ್ಚಿದ ಕೈಯನ್ನು ನಿಧಾನ ಎತ್ತಿ ನನ್ನ ಕಪ್ಪಿನ ಮೇಲೆ ಇಟ್ಟರು. “ನನ್ನ ಹಿಂದ ಗಿರಣಿ ಬಾಗಲಾ ನೀ ತೆಗೀತಿ?”

ಸಾಯುವವರ ಮುಂದೆ ಯಾರಾದರೂ ಹೌದೆನ್ನುತ್ತಾರೆ. ಆದರೆ ಆ ಕೈಯ ಮುಂದೆ ಸುಳ್ಳು ಬರಲಿಲ್ಲ. “ಇಲ್ರಿ ಅಕ್ಕೋರೆ. ದಣದೇನಿ,” ಎಂದೆ.

“ನಾನೂ,” ಎಂದು ನಕ್ಕರು. ಕೈ ತೆಗೆದರು. “ಖರೇ ಅಂದಿ. ಈಗ ಕುಡಿ.”

ಅದೇ ವಾರ ಹೋದರು. ಮಣ್ಣು ಮುಗಿಸಿ ಬಂದ ಮೇಲಿನ ಭಾನುವಾರ, ಯಾರ ಮುಲಾಜೂ ಇಲ್ಲವೆಂದು ಹೊದ್ದು ಮಲಗಿದ್ದೆ. ನೀರಿಗೆಂದು ಎದ್ದು ಕಿಟಕಿ ತೆರೆದರೆ ಎದುರುಮನೆಯ ಬಾಗಿಲಲ್ಲಿ ತಂಗಿ ಕೂತಿದ್ದಳು. ಆ ಮನೆಯ ಸೊಸೆ ಅವಳಿಗೆ ಆ ಮೊದಲ ಭಾನುವಾರದ ಸೀರೆಯನ್ನೇ ಉಡಿಸಿದ್ದಳು. ಅವಳು ನನ್ನ ಕಿಟಕಿಯನ್ನು ನೋಡುತ್ತಿರಲಿಲ್ಲ, ಆಟೋ ಬರುವ ದಾರಿ ನೋಡುತ್ತಿದ್ದಳು.

ಗಿರಣಿಯ ಬಾಗಿಲು ಅವತ್ತು ತೆಗೆದೆ, ಇವತ್ತಿಗೂ ತೆಗೆಯುತ್ತಿದ್ದೇನೆ. ದಣಿವು ಹಾಗೇ ಇದೆ. ಅಕ್ಕೋರಿಗೆ ಮಾತು ಕೊಟ್ಟಿದ್ದಿರಾ ಎಂದು ಜನ ಕೇಳುತ್ತಾರೆ. ಇಲ್ಲ, ಅವರಿಗೆ ನಾನು ಆಗುವುದಿಲ್ಲ ಎಂದೇ ಹೇಳಿದ್ದೆ.