ರಾಮದುರ್ಗಕ್ಕೆ ಹೋಗದ ಹಾಫ್‌ಬ್ಯಾಕ್

ನನ್ನ ಅಣ್ಣ ಬೈಲಹೊಂಗಲದ ಫುಟ್‌ಬಾಲ್ ತಂಡದ ಕ್ಯಾಪ್ಟನ್ ಆಗಿದ್ದ. ಅವನ ತಂಡ ರಾಮದುರ್ಗದಿಂದ ಗೆದ್ದು ತಂದ ಬೆಳ್ಳಿಯ ಕಪ್ಪು ಇಂದಿಗೂ ನಮ್ಮ ಪಡಸಾಲೆಯ ಗೂಡಿನಲ್ಲಿದೆ. ಮನೆಗೆ ಬಂದವರಿಗೆ ಅದನ್ನು ತೋರಿಸುವ ಕೆಲಸವನ್ನು ನಾನು ಒಮ್ಮೆಯೂ ಮಾಡಿಲ್ಲ. ಯಾಕೆಂದು ಯಾರೂ ಕೇಳಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಮುಂಬಯಿ ವಿಶ್ವವಿದ್ಯಾಲಯದ ಬಿ.ಎ. ಪರೀಕ್ಷೆ ಮುಗಿಸಿ ನಾನು ಧಾರವಾಡದಿಂದ ಮನೆಗೆ ಬಂದ ವರ್ಷ ಅದು. ಓದಿದ ಹುಡುಗಿಯಿಂದ ಏನು ಮಾಡಿಸಬೇಕೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಅಣ್ಣನಿಗೆ ಮಾತ್ರ ತಿಳಿಯಿತು. ವಕೀಲರಾಗಿದ್ದ ಅಪ್ಪನಿಗೆ ಮುಂಬಯಿಯಿಂದ ಒಂದು ಇಂಗ್ಲಿಷ್ ವಾರಪತ್ರಿಕೆ ಬರುತ್ತಿತ್ತು. ಅದರಲ್ಲಿ ದಕ್ಷಿಣ ಅಮೇರಿಕದ ಒಬ್ಬ ಫುಟ್‌ಬಾಲ್ ಆಟಗಾರನ ಜೀವನವನ್ನು ವಾರಕ್ಕೊಂದು ಭಾಗದಂತೆ ಹಾಕುತ್ತಿದ್ದರು. ಅದನ್ನು ಕನ್ನಡ ಮಾಡಿ ತಂಡದವರಿಗೆ ಓದಿ ಹೇಳಬೇಕೆಂದು ಅಣ್ಣ ಕೇಳಿದ. ಮೊದಲ ವಾರ ನಾನು ಬರೆದುಕೊಟ್ಟದ್ದನ್ನು ತಾನೇ ಓದಲು ಹೋಗಿ ನಾಲ್ಕು ಸಾಲಿಗೇ ಸೋತ. ಹಾಗಾಗಿ ಶನಿವಾರ ಸಂಜೆ ಆಟಗಾರರು ನಮ್ಮ ಮನೆಯ ಕಟ್ಟೆಯ ಮೇಲೆ ಕೂಡುವುದು, ನಾನು ಒಳಗೆ ಬಾಗಿಲ ಪಕ್ಕದಲ್ಲಿ ಕುಳಿತು ಓದುವುದು ರೂಢಿಯಾಯಿತು. ನನ್ನ ಮುಖ ಅವರಿಗೆ ಕಾಣುತ್ತಿರಲಿಲ್ಲ. ನನಗೂ ಅದೇ ಬೇಕಾಗಿತ್ತು.

ಆ ಆಟಗಾರ ಹಾಫ್‌ಬ್ಯಾಕ್. ಗೋಲು ಹೊಡೆಯುವವನಲ್ಲ, ಗೋಲಿನ ಮುಂದೆ ನಿಂತು ತಡೆಯುವವನೂ ಅಲ್ಲ. ನಡುವೆ ನಿಂತು ಎದುರಾಳಿಯ ಕಾಲಿಂದ ಚೆಂಡು ಕಿತ್ತುಕೊಂಡು ಮುಂದಿನವರಿಗೆ ಒಪ್ಪಿಸುವವನು. ಅವನ ಅಜ್ಜನನ್ನು ಆಫ್ರಿಕದಿಂದ ಹಿಡಿದು ತಂದು ಮಾರಿದ್ದರು. ಅಪ್ಪ ಬಂದರಿನಲ್ಲಿ ಹಮಾಲಿ. ಇವನು ಹದಿನಾರರ ವಯಸ್ಸಿಗೆ ದನದ ಚರ್ಮಕ್ಕೆ ಉಪ್ಪು ಹಚ್ಚುವ ಶೆಡ್ಡಿನಲ್ಲಿ ಕೂಲಿಗೆ ಸೇರಿದ. ಸಂಜೆ ಅದೇ ಶೆಡ್ಡಿನ ಹಿಂದೆ ಬರಿಗಾಲಲ್ಲಿ ಆಡುತ್ತಿದ್ದವನನ್ನು ಒಂದು ಕ್ಲಬ್ಬಿನವರು ಕರೆದೊಯ್ದರು. ಮೂರು ವರ್ಷಕ್ಕೆ ದೇಶದ ತಂಡ. ಯುರೋಪಿಗೆ ಹಡಗಿನಲ್ಲಿ ಹೋಗುವಾಗ ಡೆಕ್ಕಿನ ಮೇಲೆ ಅಭ್ಯಾಸ ಮಾಡಿದರಂತೆ, ಎಷ್ಟೋ ಚೆಂಡು ಸಮುದ್ರದ ಪಾಲಾದವಂತೆ. ಇದನ್ನು ಓದಿದಾಗ ಕಟ್ಟೆಯ ಮೇಲೆ ದೊಡ್ಡ ನಗೆ. ನಮ್ಮ ಗೋಲ್‌ಕೀಪರ್, ಅರಳೆ ಅಡತಿ ವ್ಯಾಪಾರಿಯ ಮಗ, ತಾನು ಆ ಹಡಗಿನಲ್ಲಿದ್ದರೆ ಸಮುದ್ರದ ಕಡೆಗೇ ನಿಲ್ಲುತ್ತಿದ್ದೆ ಎಂದ. ನಿಂತರೂ ಚೆಂಡು ನಿನ್ನ ಕಾಲ ಸಂದಿಯಿಂದಲೇ ಹೋಗುತ್ತಿತ್ತು ಎಂದು ಅಂಗಳದಿಂದ ಒಂದು ಮಾತು ಬಂತು.

ಅಂಗಳದಲ್ಲಿ, ಬಿಚ್ಚಿಟ್ಟ ಬಂಡಿಯ ನೊಗದ ಮೇಲೆ ಕುಳಿತಿರುತ್ತಿದ್ದವನು ನಮ್ಮ ಹಾಫ್‌ಬ್ಯಾಕ್. ಹತ್ತು ಜನ ಕಟ್ಟೆಯ ಮೇಲೆ, ಅವನೊಬ್ಬ ಕೆಳಗೆ. ಊರ ಹೊರಗಿನ ಕೇರಿಯವನು. ಅವನ ಅಪ್ಪ ಬೆಳಗಾವಿಯ ಕ್ಯಾಂಪಿನಲ್ಲಿ ಇಂಗ್ಲಿಷರ ಗೋರಾ ಸಿಪಾಯಿಗಳ ಕುದುರೆಲಾಯದಲ್ಲಿ ದುಡಿಯುತ್ತಿದ್ದಾಗ ಇವನು ಆ ಸಿಪಾಯಿಗಳ ನಡುವೆಯೇ ಆಡಿ ಕಲಿತ. ಈಗ ನಮ್ಮೂರ ಜಿನ್ನಿನಲ್ಲಿ, ಹತ್ತಿಯ ಬೀಜ ಬಿಡಿಸುವ ಕಾರ್ಖಾನೆಯಲ್ಲಿ, ಅರಳೆ ಹೇರುತ್ತಿದ್ದ. ಮೀಸೆಗೆ ಎಣ್ಣೆ ಹಚ್ಚಿ ತಿರುವಿಕೊಳ್ಳುವ ಶೋಕಿಯವನು, ಬಾಯಿ ಜೋರು. ಕಿತ್ತೂರಿನ ಕೋಟೆಯ ಹೊರಗಿನ ಬಯಲಿನಲ್ಲಿ ಅಲ್ಲಿಯವರನ್ನು ಸೋಲಿಸಿದ್ದು, ಸವದತ್ತಿಯಲ್ಲಿ ಎರಡು ಗೋಲು ಹಿಂದಿದ್ದ ಆಟವನ್ನು ತಿರುಗಿಸಿದ್ದು ಇವನ ಕಾಲುಗಳು. ಇದು ನನ್ನ ಮಾತಲ್ಲ, ಅಣ್ಣನೇ ಊಟಕ್ಕೆ ಕುಳಿತಾಗ ಅವ್ವನಿಗೆ ಹೇಳುತ್ತಿದ್ದ.

ಹೇಳುತ್ತಿದ್ದುದು ಸ್ನಾನವಾದ ಮೇಲೆ. ಮೈದಾನದಲ್ಲಿ ಎಲ್ಲರೂ ಅವನನ್ನು ಮುಟ್ಟುತ್ತಿದ್ದರು; ಮುಟ್ಟದೆ ಫುಟ್‌ಬಾಲ್ ಆಡಲಾಗದು. ಭುಜಕ್ಕೆ ಭುಜ ಕೊಡುತ್ತಿದ್ದರು, ಗೋಲಾದಾಗ ಅಪ್ಪಿಕೊಳ್ಳುತ್ತಿದ್ದರು. ಆಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಮನೆಯ ಹಿತ್ತಲ ಬಾಗಿಲಿಂದ ಒಳಗೆ ಬಂದು, ಯಾವುದನ್ನೂ ಮುಟ್ಟದೆ ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದರು. ಆ ನೀರನ್ನು ಸೇದಿ, ಹಂಡೆಗೆ ತುಂಬಿ, ಕಾಯಿಸಿ ಇಡುತ್ತಿದ್ದವರು ಅವ್ವ ಮತ್ತು ಅಣ್ಣನ ಹೆಂಡತಿ, ನನ್ನ ವೈನಿ. ಆಟದ ದಿನ ಬಂತೆಂದರೆ ವೈನಿಗೆ ಮಧ್ಯಾಹ್ನದಿಂದಲೇ ಬಾವಿಯ ಕೆಲಸ. ಊರೆಲ್ಲ ಇದನ್ನು ಒಳ್ಳೆಯ ಏರ್ಪಾಡು ಎಂದುಕೊಂಡಿತ್ತು. ನಮ್ಮ ಊರು ಎಷ್ಟು ಮುಂದುವರಿದಿದೆ ಎಂದು ಅಪ್ಪ ಕಚೇರಿಯಲ್ಲಿ ಹೇಳಿಕೊಂಡದ್ದೂ ಉಂಟು. ಕಿತ್ತೂರು, ಸವದತ್ತಿಗಳಿಂದ ಅದೇ ಸಂಜೆ ತಿರುಗಿ ಬರುತ್ತಿದ್ದರಿಂದ ಅಲ್ಲಿಯೂ ತೊಡಕಾಗಲಿಲ್ಲ. ಬಾಡಿಗೆಯ ಮೋಟಾರಿನಲ್ಲಿ ಹತ್ತು ಜನ ಒಳಗೆ, ಅವನು ಮೋಟಾರಿನ ನೆತ್ತಿಯ ಮೇಲೆ ಸಾಮಾನಿನ ಜೊತೆ.

ಒಂದು ಶನಿವಾರ ಓದಿದ ಭಾಗ ಹೀಗಿತ್ತು. ಯುರೋಪಿನ ಒಂದು ಊರಿನಲ್ಲಿ ಪಂದ್ಯ ಗೆದ್ದ ಮೇಲೆ ತಂಡ ಹೋಟೆಲಿಗೆ ಊಟಕ್ಕೆ ಹೋಯಿತು. ಹೋಟೆಲಿನ ಮ್ಯಾನೇಜರ್ ಆ ಹಾಫ್‌ಬ್ಯಾಕ್‌ನ ಕಪ್ಪು ಬಣ್ಣ ನೋಡಿ, ಅವನೊಬ್ಬನಿಗೆ ಅಡುಗೆಮನೆಯ ಪಕ್ಕದಲ್ಲಿ ಬೇರೆ ಮೇಜು ಹಾಕಿಸಿದ. ಅವನು ಹೋಗಿ ಕುಳಿತ. ಆಗ ಕ್ಯಾಪ್ಟನ್ ತನ್ನ ತಟ್ಟೆ ಎತ್ತಿಕೊಂಡು ಅವನ ಮೇಜಿನ ಬಳಿಗೆ ಹೋಗಿ ನಿಂತ. ಹಿಂದೆಯೇ ತಂಡದವರೆಲ್ಲ ಹೋದರು. ಆ ಮೇಜಿಗೆ ಒಂದೇ ಕುರ್ಚಿ ಇದ್ದುದರಿಂದ ಉಳಿದವರೆಲ್ಲ ನಿಂತುಕೊಂಡೇ ಉಂಡರು.

ನಾನು ಓದಿ ನಿಲ್ಲಿಸಿದಾಗ ಕಟ್ಟೆಯ ಮೇಲಿನವರು ಚಪ್ಪಾಳೆ ತಟ್ಟಿದರು. ಗೋಲ್‌ಕೀಪರ್ ಶಾಬಾಸ್ ಅಂದ. ಕ್ಯಾಪ್ಟನ್ ಅಂದರೆ ಹಾಗಿರಬೇಕು ಎಂದು ಅಣ್ಣ ಅಂದ. ಅವನ ದನಿ ನಡುಗಿದ್ದು ನನಗೆ ಕೇಳಿಸಿತು. ಅವನು ನಟಿಸುತ್ತಿರಲಿಲ್ಲ. ಅದನ್ನು ನೆನೆದಾಗಲೇ ನನಗೆ ಹೆಚ್ಚು ಸಿಟ್ಟು ಬರುವುದು. ನೊಗದ ಮೇಲೆ ಕುಳಿತವನು ಚಪ್ಪಾಳೆ ತಟ್ಟಿದನೋ ಇಲ್ಲವೋ, ನನ್ನ ಜಾಗದಿಂದ ಕಾಣಲಿಲ್ಲ.

ಮುಂದಿನ ವಾರವೇ ರಾಮದುರ್ಗ ಸಂಸ್ಥಾನದಿಂದ ಆಮಂತ್ರಣ ಬಂತು. ಅಲ್ಲಿಯ ಒಬ್ಬ ದೊಡ್ಡ ಅಧಿಕಾರಿ ಪಂದ್ಯ ಏರ್ಪಡಿಸಿ, ಎರಡು ರಾತ್ರಿ ತಮ್ಮ ವಾಡೆಯಲ್ಲೇ ತಂಡಕ್ಕೆ ವಸತಿ, ಊಟ ಎಂದು ಬರೆದಿದ್ದರು. ಇಂಥವರು ಬರಬೇಕು, ಇಂಥವರು ಬರಬಾರದು ಎಂಬ ಒಂದು ಮಾತೂ ಅದರಲ್ಲಿರಲಿಲ್ಲ. ನಾನೇ ಓದಿದ್ದೇನೆ. ಆದರೂ ಅಣ್ಣ ಎರಡು ದಿನ ತಲೆ ಕೆಡಿಸಿಕೊಂಡು ಓಡಾಡಿ, ಮೂರನೆಯ ದಿನ ಹಾಫ್‌ಬ್ಯಾಕ್‌ನ ಜಾಗಕ್ಕೆ ತಾಲೂಕಿನ ಅಧಿಕಾರಿ ಮಾಮಲೇದಾರರ ಅಳಿಯನನ್ನು ಹಾಕಿದೆ ಎಂದ. ಆ ಅಳಿಯ ಓಡುವಾಗ ಧೋತರದ ಚುಂಗು ಹಿಡಿದುಕೊಳ್ಳುವವನು.

ಯಾಕೆಂದು ಕೇಳಿದೆ.

"ಸ್ನಾನದ್ದ ಪ್ರಶ್ನೆ ಐತಿ," ಅಂದ. "ಆಟ ಆದ ಮ್ಯಾಲ ಅವರ ವಾಡೇಕ ಹೋಗಿ, ನಮಗ ಹತ್ತು ಮಂದೀಗೂ ಮೊದಲ ನೀರ ಕಾಸಿ ಕೊಡ್ರಿ ಅಂತ ಹ್ಯಾಂಗ ಹೇಳೂದು? ಯಾಕ ಅಂತ ಅವರು ಕೇಳೂದಿಲ್ಲೇನು?"

"ಕೇಳಿದರ ಹೇಳು."

"ಏನಂತ ಹೇಳ್ಲಿ? ಅವನ ಕೂಡ ಆಡಿ ಬಂದೇವಿ, ಅವಂಗೂ ಒಂದು ಎಲಿ ಹಾಕ್ರಿ ಅಂತ?"

"ಹೋಟೆಲಿನ ಕತಿಗೆ ಚಪ್ಪಾಳಿ ಯಾಕ ಹೊಡದ್ರಿ?"

ಅವನು ನನ್ನನ್ನು ಮರುಕದಿಂದ ನೋಡಿದ. "ಅಲ್ಲಿ ಬಣ್ಣದ ಮಾತು, ತಂಗಿ. ಇಲ್ಲಿ ಬಣ್ಣ ಯಾರ ಕೇಳ್ತಾರ? ಅಂವಾ ನನಗಿಂತ ಕೆಂಪಗ ಅದಾನ."

ನಾನು ಸಿಟ್ಟಿನಿಂದಲೇ ಅಪ್ಪನ ಬಳಿಗೆ ಹೋದೆ. ಹುಡುಗರ ಆಟದಲ್ಲಿ ತಾವು ಬಾಯಿ ಹಾಕುವುದಿಲ್ಲ ಎಂದು ಅವರು ಕಾಗದಗಳಿಂದ ತಲೆ ಎತ್ತದೆ ಹೇಳಿದರು. ಮೂರು ದಿನ ನೀರು ಸೇದುವುದು ತಪ್ಪಿತಲ್ಲ ಎಂದಳು ವೈನಿ. ಅವಳನ್ನು ನಾನು ದೂರಲಾರೆ.

ಹೊರಡುವ ಹಿಂದಿನ ದಿನ, ತಂಡದ ಅಂಗಿಯನ್ನು ತಂದುಕೊಡಬೇಕೆಂದು ಅಣ್ಣ ಅವನಿಗೆ ಹೇಳಿ ಕಳಿಸಿದ. ಮಧ್ಯಾಹ್ನ ಜಿನ್ನಿನ ಊಟದ ಹೊತ್ತಿಗೆ ಅವನು ಬಂದ. ನೀಲಿ ಪಟ್ಟಿಯ ಆ ಅಂಗಿಯನ್ನು ಒಗೆದು, ನೀಟಾಗಿ ಮಡಿಚಿ ತಂದಿದ್ದ. ಕಟ್ಟೆಯ ತುದಿಗೆ ಇಟ್ಟು ಹಿಂದೆ ಸರಿದು ನಿಂತ. ಅಣ್ಣ ಮನೆಯಲ್ಲಿರಲಿಲ್ಲ. ಬಾಗಿಲಲ್ಲಿ ನಾನಿದ್ದೆ. ಅವನು ನನ್ನೊಂದಿಗೆ ಎಂದೂ ಮಾತಾಡಿರಲಿಲ್ಲ, ನಾನೂ ಅಷ್ಟೆ.

"ಅಕ್ಕಾರ, ಆ ಕತಿಯೊಳಗಿನ ಅವಂದು ಕಡೀಕ ಏನಾತ್ರಿ?" ಎಂದು ಕೇಳಿದ. "ನಾಳೆ ಶನಿವಾರ ಎಲ್ಲಾರೂ ರಾಮದುರ್ಗದಾಗ ಇರತಾರ. ಇವತ್ತ ಸಂಜೀಕ ಓದತೀರಂತ. ನಾ ಬರೂದಿಲ್ಲ."

ಕೊನೆಯ ಭಾಗವನ್ನು ನಾನು ಆಗಲೇ ಕನ್ನಡ ಮಾಡಿ ಮುಗಿಸಿದ್ದೆ. ಒಳಗಿಂದ ತಂದು ಓದುವಷ್ಟು ತಾಳ್ಮೆ ಇರಲಿಲ್ಲ, ಬಾಯಲ್ಲೇ ಹೇಳಿದೆ. ಆ ಆಟಗಾರ ದೇಶಕ್ಕಾಗಿ ಒಂಬತ್ತು ವರ್ಷ ಆಡಿದ. ಆಮೇಲೆ ಒಂದು ಪಂದ್ಯದಲ್ಲಿ ಮೊಣಕಾಲು ಮುರಿಯಿತು, ಕೂಡಲಿಲ್ಲ. ಆಟ ಬಿಟ್ಟ. ಈಗ ಬಂದರಿನಲ್ಲಿ ಕಾವಲುಗಾರನಾಗಿದ್ದಾನೆ, ಅವನ ಹೆಸರನ್ನು ಅಲ್ಲಿಯ ಮಕ್ಕಳೂ ಮರೆತಿದ್ದಾರೆ ಎಂದು ಪತ್ರಿಕೆಯವರು ದುಃಖಪಟ್ಟು ಬರೆದಿದ್ದರು.

ಅವನು ಮೀಸೆಯ ತುದಿ ತಿರುವಿದ.

"ಹಂಗಾರ ಕಾಲ ಮುರಿಯೂತನಾ ಆಡಾಕ ಬಿಟ್ಟಿದ್ರು ಅನ್ರಿ," ಅಂದ. "ನಂದು ಎರಡೂ ಚಲೋ ಅದಾವ."

ಅಂದವನೇ ಹೋದ. ಜಿನ್ನಿನ ಸೀಟಿ ಆಗಿತ್ತು.

ಸಂಜೆಗೆ ಅಣ್ಣ ಆ ಅಂಗಿಯನ್ನು ಮಾಮಲೇದಾರರ ಅಳಿಯನಿಗೆ ಕಳಿಸಿದ. ಯಾರು ತೊಟ್ಟದ್ದೆಂದು ಗೊತ್ತಿದ್ದ ಅಳಿಯ ಅದನ್ನು ಮುಟ್ಟಲಿಲ್ಲ. ಸಿಂಪಿಗನನ್ನು ಕೂಡಿಸಿ ಬೇರೊಂದು ಹೊಲಿಸಿದರು. ಒಗೆದ ಅಂಗಿ ನಮ್ಮ ಹಿತ್ತಲ ಗೋಡೆಯ ಮೇಲೆ ಬಿತ್ತು. ಬೇಡವಾಗಿದ್ದರೆ ಅವನಿಂದ ಕಸಿದುಕೊಂಡದ್ದೇಕೆ ಎಂದು ಕೇಳಿದೆ. ಅಂಗಿ ತಂಡದ್ದು, ಅವನದಲ್ಲ ಎಂದ ಅಣ್ಣ.

ದೀಪ ಹಚ್ಚುವ ಹೊತ್ತಿಗೆ ತಂಡದವರು ಕಟ್ಟೆಯ ಮೇಲೆ ಕೂಡಿ ಕೊನೆಯ ಭಾಗಕ್ಕಾಗಿ ಕಾದರು. ಅದನ್ನು ಕೇಳಿಕೊಂಡು ಹೋದರೆ ರಾಮದುರ್ಗದಲ್ಲಿ ಹುರುಪು ಬರುತ್ತದಂತೆ. ನಾನು ಬಾಗಿಲ ಮರೆಯಿಂದ ಹೊರಗೆ ಬಂದು ನಿಂತೆ. ಎಲ್ಲರೂ ತಲೆ ತಗ್ಗಿಸಿದರು. ಹೆಣ್ಣುಮಗಳು ಹಾಗೆ ಎದುರು ಬರುವುದು ಅವರಿಗೆ ಮುಜುಗರ.

"ಅದನ್ನ ಕೇಳಬೇಕಾದಾವ ಕೇಳಿ ಹೋದ," ಎಂದೆ. "ನಿಮಗ ಓದೂದಿಲ್ಲ."

ಒಳಗೆ ಬಂದು ಬರೆದದ್ದನ್ನು ಪೆಟ್ಟಿಗೆಯಲ್ಲಿಟ್ಟೆ. ಹೊರಗೆ ಯಾರೋ, ಬಿ.ಎ. ತಲೆಗೇರಿದೆ ಎಂದರು. ಅಣ್ಣ ನನ್ನೊಂದಿಗೆ ಮಾತು ಬಿಟ್ಟ. ರಾಮದುರ್ಗದಲ್ಲಿ ಅವರು ಒಂದು ಗೋಲಿನಿಂದ ಗೆದ್ದರು. ಸೋತು ಬರಲಿ ಎಂದು ನಾನು ಬಯಸಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಗೆದ್ದದ್ದರಿಂದ ತಾವು ಮಾಡಿದ್ದೇ ಸರಿ ಎಂದು ಅವರಿಗೆ ಖಾತ್ರಿಯಾಯಿತು.

ಹದಿನೈದು ದಿನಕ್ಕೆ ಕಿತ್ತೂರಿನವರು ನಮ್ಮೂರಿಗೆ ಆಡಲು ಬರುವವರಿದ್ದರು. ಊರಿನಲ್ಲೇ ಆಟ, ಸಂಜೆ ಸ್ನಾನ, ತೊಡಕಿಲ್ಲ. ಅಣ್ಣ ಏನೂ ಆಗಿಲ್ಲವೆಂಬಂತೆ ಅವನಿಗೆ ಹೇಳಿ ಕಳಿಸಿದ. ಬರುತ್ತೇನೆ ಎಂದು ಉತ್ತರ ಬಂತು.

ಬಂದ. ಕಿತ್ತೂರಿನವರ ಜೊತೆ, ಅವರ ಅಂಗಿ ತೊಟ್ಟು ಬಂದ. ತಾನೇ ಹೋಗಿ ಅವರನ್ನು ಕೇಳಿ, ಅಲ್ಲಿಯೇ ಕೂಲಿಗೂ ನಿಂತಿದ್ದನಂತೆ. ಕಿತ್ತೂರಿನವರು ನಮಗಿಂತ ಒಳ್ಳೆಯವರೆಂದು ನಾನು ಹೇಳಲಾರೆ; ಗೆಲ್ಲುವ ಆಸೆ ಅವರಿಗೂ ಇತ್ತು, ಅಷ್ಟೆ. ನಮ್ಮ ಮಾಳಿಗೆಯ ಮೇಲಿಂದ ಮೈದಾನ ಕಾಣುತ್ತಿತ್ತು. ನಾನು ಮತ್ತು ವೈನಿ ನಿಂತು ನೋಡಿದೆವು. ಅಣ್ಣನಿಗೆ ಬರಬೇಕಾದ ಚೆಂಡುಗಳನ್ನೆಲ್ಲ ಅವನು ದಾರಿಯಲ್ಲೇ ತಡೆದು ತನ್ನ ಮುಂದಿನವರಿಗೆ ದಾಟಿಸುತ್ತಿದ್ದ. ಅಣ್ಣ ಎರಡು ಸಲ ಅವನ ಮೇಲೆ ಬಿದ್ದು ಕೆಡವಿದ. ಎರಡು ಸಲವೂ ಅವನು ಎದ್ದು ಮಣ್ಣು ಜಾಡಿಸಿಕೊಂಡು ಅಣ್ಣನಿಗೆ ಏನೋ ಅಂದ, ನಕ್ಕ. ಏನೆಂದು ಅಣ್ಣ ಈವರೆಗೆ ಹೇಳಿಲ್ಲ.

ಕಿತ್ತೂರು ಗೆದ್ದಿತು. ವೈನಿ ನಕ್ಕಳು. ನನಗೆ ನಗು ಬರಲಿಲ್ಲ. ಆಟ ಮುಗಿದ ಮೇಲೆ ಕಿತ್ತೂರಿನವರು ತಾವು ಬಂದ ಮೋಟಾರನ್ನು ಒಬ್ಬೊಬ್ಬರಾಗಿ ಹತ್ತಿದರು. ಅವನು ಒಂದು ಕೈಯಲ್ಲಿ ಬೂಟು ಹಿಡಿದುಕೊಂಡು, ಯಾರೂ ಹೇಳದಿದ್ದರೂ, ಹಿಂದಿನ ಏಣಿಯಿಂದ ಮೇಲೆ ಹತ್ತಿ ಸಾಮಾನಿನ ನಡುವೆ ಜಾಗ ಮಾಡಿಕೊಂಡು ಕುಳಿತ.