ಪುಲ್ಲಿಯ ಮೇಲಿನ ಕೆಂಪು ಚುಕ್ಕೆ

ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ತೀರಿಹೋದ ಮಾವನವರ ಹಳೆಯ ಕಾರು ಮಳೆಗಾಲವಿಡೀ ಮೌನವ್ರತ ಹಿಡಿದಿತ್ತು. ವಿಜಯಪುರದ ಕಡೆಯವರಾದ ಸೆಕ್ರೆಟರಿ ಬಂದು, "ರವಿವಾರದೊಳಗ ಗಾಡಿ ಚಾಲೂ ಆಗ್ಲಿಲ್ಲಂದ್ರ ಗುಜರಿಗೆ ಹಾಕಿಬಿಡ್ರಿ ಸರ, ಪಾರ್ಕಿಂಗಿಗೆ ಜಾಗಾ ಬೇಕಾಗೇದ" ಎಂದರು. ಅಪ್ಪನದೆಂದು ನನ್ನ ಹೆಂಡತಿಗೆ ಉಳಿದದ್ದು ಅದೊಂದೇ. ಅಂದು ಅವಳು ಮಾಡಿದ ಸಾರಿನಲ್ಲಿ ಉಪ್ಪಿರಲಿಲ್ಲ.

ಭಾನುವಾರ ಬೆಳಿಗ್ಗೆ ಸಕಲ ಗಾಂಭೀರ್ಯದೊಡನೆ ಬಾನೆಟ್ ಎತ್ತಿದೆ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಬಿಚ್ಚಿ ಒರೆಸಿದ್ದರಿಂದ ಕಿಡಿ ಹಾರುವ ಹೊತ್ತನ್ನು, ಅಂದರೆ ಟೈಮಿಂಗನ್ನು, ಮತ್ತೆ ಹೊಂದಿಸಬೇಕಿತ್ತು. ಎಂಜಿನ್ನಿನ ಮುಂದಿನ, ಬೆಲ್ಟು ತಿರುಗಿಸುವ ಪುಲ್ಲಿ ಚಕ್ರದ ಮೇಲೊಂದು ಗುರುತಿರುತ್ತದೆ. ಅದನ್ನು ಎದುರಿನ ಮುಳ್ಳಿನ ನೇರಕ್ಕೆ ತಂದು ನಿಲ್ಲಿಸಬೇಕು. ಪುಲ್ಲಿಯ ಮೇಲೆ ಕೆಂಪು ಚುಕ್ಕೆ ಕಂಡಿತು. ಅದನ್ನೇ ನಿಲ್ಲಿಸಿ, ಎಲ್ಲ ಬಿಗಿದು, ಕೀಲಿ ತಿರುಗಿಸಿದೆ. ಕಾರು ಢಮ್ಮೆಂದಿತು, ಪಾರಿವಾಳಗಳು ಸೊಸೈಟಿಯನ್ನೇ ತೊರೆದವು.

ಹೆಂಡತಿ ಬಗ್ಗಿ ನೋಡಿದಳು. "ಅದು ಹೋದ ಆಯುಧಪೂಜೆಗೆ ನಾನು ಇಟ್ಟ ಕುಂಕುಮ ಮಾರಾಯ್ರೆ. ಅದನ್ನು ನೋಡಿ ಟೈಮಿಂಗ್ ಇಡುದಾ?"

"ಕಂಪನಿಯವರು ಬಳಿದ ಬಣ್ಣ ಅಂದುಕೊಂಡೆ."

"ಕಂಪನಿಯವರು ಅಕ್ಷತೆಯೂ ಅಂಟಿಸ್ತಾರಾ?"

ಹಳೇ ಬಟ್ಟೆಯಿಂದ ಅವಳೇ ಪುಲ್ಲಿ ಉಜ್ಜಿದಳು. ತುಸು ಆಚೆ, ಅರಿಸಿನದ ಅಡಿಯಲ್ಲಿ, ನಿಜವಾದ ಗೀರು ಕಂಡಿತು. ಅದಕ್ಕೆ ಹೊಂದಿಸಿದ ಮೇಲೆ ಕಾರು ಸ್ವಲ್ಪ ಕೆಮ್ಮಿ, ಹಳೆಯ ದನಿಯಲ್ಲೇ ಗುರುಗುಟ್ಟತೊಡಗಿತು. ಅವಳು ಮುಂದಿನ ಸೀಟಿನಲ್ಲಿ ಕೂತು ಕಣ್ಣೊರೆಸಿಕೊಂಡಳು. ಹೊಗೆ ಎಂದಳು. ನಾನೂ ಹೌದೆಂದೆ.

ಈ ಸಲದ ಆಯುಧಪೂಜೆಗೆ ಕುಂಕುಮದ ಬಟ್ಟಲು ಹಿಡಿದು ಬಂದವಳು, ಮೊದಲು ಗೀರು ಎಲ್ಲಿದೆಯೆಂದು ಕೇಳಿ, ಸರಿಯಾಗಿ ಅದರ ಮೇಲೆಯೇ ಇಟ್ಟಳು.